ವ್ಯಾಂಕೂವರ್: ಆದರವಿರುವ ಊರು

ಅತಿಥಿ ಎಂಬ ಮಾತಿಗೆ ತಿಥಿವಾರ ನೋಡದೆ ಬರುವವನು ಎಂದು ನಮ್ಮಲ್ಲಿ ಅರ್ಥ ಹೇಳುವುದುಂಟು. ಅಂಥವನ ಕುಲಗೋತ್ರ ಕೇಳುವ ಮೊದಲು ಕಾಲಿಗೆ ನೀರು ಕೊಡುವುದು ಗೃಹಸ್ಥನ ಧರ್ಮ. ಆದರೆ ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಬಾಳಸಂಗಾತಿಗಳಾಗಿ ಪ್ರವಾಸ ಹೊರಟರೆ ಈ ಧರ್ಮ ಎಲ್ಲ ಊರುಗಳಲ್ಲಿಯೂ ನಡೆಯುವುದಿಲ್ಲ. ಹೆಣ್ಣಾಗಿ ಬಾಳುತ್ತಿದ್ದು, ಕಾಗದಪತ್ರಗಳಲ್ಲಿ ಮಾತ್ರ ಗಂಡಾಗಿರುವವರ ಪಾಡೂ ಅಷ್ಟೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಮ್ಮೆ ಹೇಳಿದ: "ಮೇಷ್ಟ್ರೇ, ಬೆಟ್ಟ ಹತ್ತಲು ನಮಗೆ ಹೆದರಿಕೆಯಿಲ್ಲ, ಹೋಟೆಲಿನಲ್ಲಿ ಇಬ್ಬರಿಗೂ ಸೇರಿ ಒಂದು ಕೋಣೆ ಕೇಳುವುದಕ್ಕೇ ಹೆದರಿಕೆ." ಅವನಂಥವರಿಗೂ, ಅವರನ್ನು ಕಳುಹಿಸಿ ಮನೆಯಲ್ಲಿ ದಾರಿ ಕಾಯುವ ತಂದೆತಾಯಿಗಳಿಗೂ ಒಂದು ಊರಿನ ಸಂಗತಿಯನ್ನು ಹೇಳಬಯಸುತ್ತೇನೆ.

ಕೆನಡಾ ದೇಶದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರಕ್ಕೆ ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟಸಾಲು. ನಗರದ ನಡುವಿಗೆ ಅಂಟಿಕೊಂಡೇ ಸ್ಟ್ಯಾನ್ಲಿ ಪಾರ್ಕ್ ಇದೆ. 1888ರಲ್ಲಿ ತೆರೆದ ಈ ವನದ ವಿಸ್ತಾರ ಸುಮಾರು 1,000 ಎಕರೆ. ಅದನ್ನು ಬಳಸಿ ನೀರಿನಂಚಿನಲ್ಲಿಯೇ ಸಾಗುವ ಕಲ್ಲುಕಟ್ಟೆಯ ಹಾದಿ ಸುಮಾರು 9 ಕಿಲೋಮೀಟರು. 1917ರಲ್ಲಿ ಆರಂಭವಾದ ಈ ಕೆಲಸ ಪೂರ್ಣವಾದದ್ದು 1980ರಲ್ಲಿ! ಕಾಲಿಗೆ ಕಸುವಿದ್ದವರು ಗ್ರೌಸ್ ಬೆಟ್ಟದ ಕಾಲುದಾರಿಯನ್ನು ಹಿಡಿಯಬಹುದು. ಅಲ್ಲಿ 2,800ಕ್ಕೂ ಮಿಕ್ಕ ಮೆಟ್ಟಿಲು, ಸುಮಾರು 800 ಮೀಟರು ಏರು. ಆ ದಾರಿ ಹತ್ತುವುದಕ್ಕೆ ಮಾತ್ರ, ಇಳಿಯುವುದಕ್ಕೆ ತೂಗುಬಂಡಿಯುಂಟು. ಕುಡಿಯುವ ನೀರನ್ನೂ ಮಳೆಯಂಗಿಯನ್ನೂ ಮರೆಯಬೇಡಿ.

ವನದಿಂದ ನಡೆದೇ ತಲುಪಬಹುದಾದ ಡೇವಿ ಬೀದಿ ಸಲಿಂಗಾನುರಾಗಿಗಳ ನೆರೆಹೊರೆಯೆಂದು ಹೆಸರಾದದ್ದು. ಅಲ್ಲಿ ರಸ್ತೆ ದಾಟುವ ಪಟ್ಟೆಗಳಿಗೆ 2013ರಿಂದ ಕಾಮನಬಿಲ್ಲಿನ ಬಣ್ಣ. ಆದರೆ ಈ ಆದರ ಬಣ್ಣ ಬಳಿದ ಮಾತ್ರಕ್ಕೆ ಬಂದುದಲ್ಲ. 1983ರಲ್ಲಿ ಅಲ್ಲಿ 'ಲಿಟ್ಲ್ ಸಿಸ್ಟರ್ಸ್' ಎಂಬ ಪುಸ್ತಕದಂಗಡಿ ಹುಟ್ಟಿತು. ಹೊರದೇಶದಿಂದ ತರಿಸಿದ ಪುಸ್ತಕಗಳನ್ನು ಸುಂಕದ ಅಧಿಕಾರಿಗಳು ಮತ್ತೆಮತ್ತೆ ತಡೆಹಿಡಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವೇನು? ಅಂಗಡಿಯವರು ನ್ಯಾಯಾಲಯಕ್ಕೆ ಹೋದರು. ಸುಂಕದವರು ಈ ಅಂಗಡಿಯೊಡನೆ ಭೇದಭಾವದಿಂದ ನಡೆದುಕೊಂಡರೆಂದು ಕೆನಡಾದ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೇಳಿತು. ಅಂಗಡಿಯನ್ನು ಸ್ಥಾಪಿಸಿದವರಲ್ಲೊಬ್ಬರಾದ ಜಿಮ್ ದೇವಾ ಅವರ ಹೆಸರನ್ನು ಇಂದು ಆ ಬೀದಿಯ ಚೌಕವೊಂದು ಹೊತ್ತಿದೆ. ಆ ಪ್ರಾಂತದಲ್ಲಿ 2003ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಸಲಿಂಗವಿವಾಹಕ್ಕೆ ಮನ್ನಣೆ ದೊರೆಯಿತು. ಒಲವಿನ ಕಾರಣಕ್ಕಾಗಲಿ, ಲಿಂಗದ ಗುರುತಿನ ಕಾರಣಕ್ಕಾಗಲಿ ಅತಿಥಿಗೆ ಕೋಣೆ ಇಲ್ಲವೆನ್ನುವುದು ಅಲ್ಲಿ ಕಾನೂನಿಗೆ ವಿರುದ್ಧ.

ಇದೇ ಊರು ನಮ್ಮವರಿಗೆ ಬಾಗಿಲು ಮುಚ್ಚಿದ ಕಾಲವೂ ಇತ್ತು. 1914ರಲ್ಲಿ 'ಕೊಮಗಾಟ ಮಾರು' ಹಡಗು 376 ಜನರನ್ನು ಹೊತ್ತು ಬಂದಿತು, ಹೆಚ್ಚಿನವರು ಪಂಜಾಬಿನವರು. ಎರಡು ತಿಂಗಳು ಬಂದರಿನಲ್ಲಿಯೇ ನಿಲ್ಲಿಸಿ, ಬೆರಳೆಣಿಕೆಯ ಜನರನ್ನುಳಿದು ಮಿಕ್ಕವರನ್ನು ಹಿಂದಕ್ಕೆ ಕಳುಹಿಸಿದರು. 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಕಡಲಂಚಿನ ಹಾದಿಯಲ್ಲಿ ಅದರ ಸ್ಮಾರಕವಿದೆ; ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗಿ. ಆದರವೆಂಬುದು ಯಾವ ಊರಿನ ಹುಟ್ಟುಗುಣವೂ ಅಲ್ಲ, ಕಲಿತು ಬರುವ ಗುಣ ಎಂಬುದಕ್ಕೆ ಅದೇ ಸಾಕ್ಷಿ.

ಹೊರಡುವವರಿಗೆ ಎರಡು ಮಾತು. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ವಿಮಾನ ಬದಲಿಸುವ ದೇಶದ ಕಾನೂನನ್ನೂ ವಿಚಾರಿಸಿಕೊಳ್ಳಿ. ಕೊಲ್ಲಿಯ ಕೆಲವು ರಾಜ್ಯಗಳಲ್ಲಿ ಸಲಿಂಗಸಂಬಂಧ ಇಂದಿಗೂ ಅಪರಾಧ.

ಮನೆಯಲ್ಲಿ ಉಳಿಯುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಅದು ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಮದುವೆಯ ಮನ್ನಣೆ ಇನ್ನೂ ಇಲ್ಲ. ಆದರೆ ಮಗನು ಸಂಗಾತಿಯೊಡನೆ ಮನೆಗೆ ಬಂದಾಗ ಎರಡು ಎಲೆ ಹಾಕುವುದಕ್ಕೆ ಯಾವ ಕಾನೂನಿನ ಅಪ್ಪಣೆಯೂ ಬೇಕಾಗಿಲ್ಲ. ಅಷ್ಟು ದೂರದ ಊರಿನಲ್ಲಿ ಅಪರಿಚಿತರು ತೋರುವ ಆದರವನ್ನು ಹೆತ್ತವರ ಜಗಲಿಯೂ ತೋರಲಿ.