ಹಮಾಲನ ಕೈಗೆ ಬಂದ ಕ್ಯಾಮೆರಾ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಿನೆಮಾ ಎಂದರೆ ದುಡಿದು ದಣಿದವನು ಎರಡು ತಾಸು ದುಃಖ ಮರೆಯುವ ಜಾಗ. ಹಾಗೆ ತಿಳಿಯುವುದರಲ್ಲಿ ತಪ್ಪಿಲ್ಲ. ಆದರೆ ದುಡಿಯುವವನೇ ಸಿನೆಮಾ ತೆಗೆದರೆ ಅದು ಹೇಗಿರುತ್ತದೆ? ಇದಕ್ಕೆ ಉತ್ತರ ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದಲ್ಲಿದೆ. ಅದು 1960ರಲ್ಲಿ ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದೇಶ.

ಅಲ್ಲಿಯ ಉಸ್ಮಾನ್ ಸೆಂಬೆನ್ 1923ರಲ್ಲಿ ಒಬ್ಬ ಮೀನುಗಾರನ ಮಗನಾಗಿ ಹುಟ್ಟಿದರು. ಶಾಲೆ ಅರ್ಧಕ್ಕೇ ನಿಂತಿತು. ಗಾರೆ ಕೆಲಸ ಮಾಡಿದರು, ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಗೆ ಸೇರಿದರು, ಆಮೇಲೆ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಹಮಾಲಿ ಮಾಡಿದರು. ಅಲ್ಲಿ ಬೆನ್ನಿಗೆ ಪೆಟ್ಟು ಬಿತ್ತು. ಅಲ್ಲಿಯೇ ಕಾರ್ಮಿಕ ಸಂಘ ಸೇರಿದರು, ಓದಲು ಹಿಡಿದರು, 1956ರಲ್ಲಿ ಬಂದರು ಕೂಲಿಯೊಬ್ಬನ ಕಥೆಯನ್ನು ಕಾದಂಬರಿಯಾಗಿ ಬರೆದರು. 1947-48ರ ಡಾಕಾರ್-ನೈಜರ್ ರೈಲ್ವೆ ಮುಷ್ಕರದ ಮೇಲೆ ಅವರು ಬರೆದ ಕಾದಂಬರಿ 1960ರಲ್ಲಿ ಹೊರಬಂತು.

ಆದರೆ ಪುಸ್ತಕ ಇದ್ದದ್ದು ಫ್ರೆಂಚಿನಲ್ಲಿ. ಕಥೆ ಯಾರದೋ ಅವರಲ್ಲೇ ಹೆಚ್ಚಿನವರಿಗೆ ಅದನ್ನು ಓದಲು ಬಾರದು! ಆಗ ನಲವತ್ತರ ಹತ್ತಿರವಿದ್ದ ಸೆಂಬೆನ್ ಮಾಸ್ಕೋಗೆ ಹೋಗಿ ಸಿನೆಮಾ ಕಲಿತರು. ಸಿನೆಮಾ ತಮ್ಮ ಜನರ ರಾತ್ರಿ ಶಾಲೆ ಎನ್ನುತ್ತಿದ್ದರು. ರಾತ್ರಿ ಶಾಲೆ ಎಂದರೆ ಏನೆಂದು ಮುಂಬಯಿಯ ಹೋಟೆಲು ಮಾಣಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1963ರಲ್ಲಿ ಅವರು ತೆಗೆದ ‘ಬೊರೊಮ್ ಸಾರೆತ್’ ಇಪ್ಪತ್ತು ನಿಮಿಷದ ಚಿತ್ರ. ಡಾಕಾರ್ ನಗರದ ಬಡ ಗಾಡಿಯವನ ಒಂದು ದಿನದ ದುಡಿಮೆ, ಅಷ್ಟೇ ಕಥೆ. ಶ್ರೀಮಂತರ ಕೇರಿಗೆ ಗಾಡಿ ಹೋಗಕೂಡದು. ಬಾಡಿಗೆಯ ಆಸೆಗೆ ಹೋದ. ಪೊಲೀಸರು ಗಾಡಿಯನ್ನೇ ಕಿತ್ತುಕೊಂಡರು. ಕರೆದುಕೊಂಡು ಹೋದ ದೊಡ್ಡ ಮನುಷ್ಯ ಬಾಡಿಗೆ ಕೊಡದೆ ನಡೆದುಬಿಟ್ಟ.

1966ರ ಚಿತ್ರದಲ್ಲಿ ದಿಯುವಾನಾ ಎಂಬ ಹುಡುಗಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೆಂದು ನಂಬಿ ಫ್ರಾನ್ಸಿಗೆ ಹೋಗುತ್ತಾಳೆ. ಅಲ್ಲಿ ಅಡಿಗೆ, ಕಸ, ಪಾತ್ರೆ ಎಲ್ಲವೂ ಅವಳ ತಲೆಗೆ. ಊರಿನಿಂದ ತಾಯಿಯ ಕಾಗದ ಬಂದರೆ ಧಣಿಯೇ ಓದುತ್ತಾನೆ, ಉತ್ತರವನ್ನೂ ತಾನೇ ಬರೆಯತೊಡಗುತ್ತಾನೆ. ಅವಳು ಕಾಗದವನ್ನು ಹರಿದು ಹಾಕುತ್ತಾಳೆ. ಕೊನೆಗೆ ಆ ಮನೆಯಲ್ಲೇ ಪ್ರಾಣ ಕಳೆದುಕೊಳ್ಳುತ್ತಾಳೆ. ಧಣಿ ಅವಳ ಸಂಬಳದ ಹಣ ಹಿಡಿದು ತಾಯಿಯ ಬಳಿಗೆ ಬರುತ್ತಾನೆ. ತಾಯಿ ಅದನ್ನು ಮುಟ್ಟುವುದಿಲ್ಲ. ಬಂಧುಗಳೇ, ಸಂಬಳ ಎಣಿಸಿಕೊಟ್ಟ ಮಾತ್ರಕ್ಕೆ ಎಲ್ಲ ಲೆಕ್ಕವೂ ಚುಕ್ತಾ ಆಗುವುದಿಲ್ಲ.

ಆ ಚಿತ್ರದ ಮಾತು ಇನ್ನೂ ಫ್ರೆಂಚಿನಲ್ಲೇ ಇತ್ತು. 1968ರ ‘ಮಂದಾಬಿ’ಯಲ್ಲಿ ಜನ ತಮ್ಮ ವೊಲೊಫ್ ಭಾಷೆಯಲ್ಲೇ ಮಾತನಾಡಿದರು. ಮಂದಾಬಿ ಎಂದರೆ ಮನಿಯಾರ್ಡರು. ಪ್ಯಾರಿಸಿನಲ್ಲಿ ಬೀದಿ ಗುಡಿಸುವ ಹುಡುಗ ಸೋದರಮಾವನಿಗೆ 25,000 ಫ್ರಾಂಕ್ ಕಳುಹಿಸುತ್ತಾನೆ. ಹಣ ಬಿಡಿಸಲು ಗುರುತಿನ ಚೀಟಿ ಬೇಕು, ಚೀಟಿಗೆ ಜನನ ಪತ್ರ ಬೇಕು, ಫೋಟೋ ಬೇಕು. ಅಕ್ಷರ ಬಾರದ ಮಾವ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಅಂಗಡಿಯ ಬಾಕಿ ಬೆಳೆಯುತ್ತದೆ. ಕೊನೆಗೆ ಓದು ಬಲ್ಲ ನೆಂಟನೊಬ್ಬ ಹಣವನ್ನೇ ನುಂಗುತ್ತಾನೆ. ನಮ್ಮ ಹಿರಿಯರು ಈ ಊರಿನಿಂದ ಮನಿಯಾರ್ಡರು ಕಳುಹಿಸಿ ಮನೆ ನಡೆಸಿದವರು. ನಾವು ಫೋನಿನಲ್ಲಿ ಕಳುಹಿಸುತ್ತೇವೆ. ಆದರೂ ಕಾಗದದ ಎದುರು ಅಂಜುವವರು ನಮ್ಮಲ್ಲಿ ಈಗಲೂ ಇದ್ದಾರೆ.

ಸೆಂಬೆನ್ 2007ರಲ್ಲಿ ತೀರಿಕೊಂಡರು. ಆದರೆ ಅವರು ಒಂಟಿಯಾಗಿರಲಿಲ್ಲ. ಜಿಬ್ರಿಲ್ ದಿಯೋಪ್ ಮಂಬೆತಿ 1973ರ ‘ತುಕಿ ಬುಕಿ’ಯಲ್ಲಿ ಪ್ಯಾರಿಸಿಗೆ ಓಡಿಹೋಗುವ ಕನಸು ಕಾಣುವ ಇಬ್ಬರು ತರುಣರನ್ನು ತೋರಿಸಿದರು. ಶಾಲಾ ಶಿಕ್ಷಕಿಯಾಗಿದ್ದ ಸಾಫಿ ಫಾಯ್ 1975ರಲ್ಲಿ ನೆಲಗಡಲೆ ಬೆಳೆಯುವ ರೈತರ ಕಷ್ಟವನ್ನು ಹಳ್ಳಿಯಿಂದ ಬರೆದ ಕಾಗದದ ರೂಪದಲ್ಲಿ ಹೇಳಿದರು.

ಇದರಿಂದ ನಾವು ಕಲಿಯುವುದು ಇಷ್ಟು: ನಮ್ಮ ಕಾಗದವನ್ನು ಧಣಿ ಬರೆದರೆ ಅದು ಧಣಿಯ ಕಾಗದವೇ. ಆದುದರಿಂದ ಎರಡು ಸೂಚನೆಗಳನ್ನು ಮುಂದಿಡುತ್ತೇನೆ. ಸಂಘದ ಕೋಣೆಯಲ್ಲಿ ‘ಮಂದಾಬಿ’ಯನ್ನು ತೋರಿಸೋಣ, ಓದು ಬಲ್ಲವರು ಪಕ್ಕದಲ್ಲಿ ನಿಂತು ಮಾತುಗಳನ್ನು ಕನ್ನಡದಲ್ಲಿ ಹೇಳಲಿ. ಇನ್ನು, ಯಾವ ಸದಸ್ಯನೂ ತನಗೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮುನ್ನ ಅದನ್ನು ಇಲ್ಲಿಗೆ ತರಲಿ. ಓದಿ ಹೇಳಲು ದಿನಾ ಸಂಜೆ ಇಲ್ಲಿ ಒಬ್ಬರಾದರೂ ಕುಳಿತಿರಬೇಕು. ಮೊದಲ ವಾರದ ಸರದಿ ನನ್ನದು.