ಮಂಡಿ ನೋವಿಗೆ ಮನೆಯಲ್ಲೇ ವ್ಯಾಯಾಮ



ಮೈಸೂರು ಕಡೆಯ ನಾವು ಮಂಡಿ ನೋವು ಎನ್ನುತ್ತೇವೆ, ಧಾರವಾಡದ ಕಡೆಯವರು ಮೊಣಕಾಲು ನೋವು ಎನ್ನುತ್ತಾರೆ. ಪುಣೆಯ ನಮ್ಮ ಸಂಘದಲ್ಲಿ ಎರಡೂ ಕೇಳಿಸುತ್ತವೆ. ನೋವು ಮಾತ್ರ ಒಂದೇ. ನಾನು ವೈದ್ಯೆಯಲ್ಲ. ಎಂ.ಟೆಕ್. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ನಮ್ಮ ಅತ್ತೆಯವರಿಗಾಗಿ ಆನ್‌ಲೈನ್ ವ್ಯಾಯಾಮ ಹುಡುಕುವಾಗ ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆತ ಇತ್ತು. ಅವರಲ್ಲಿ 100ಕ್ಕೆ 60 ಮಂದಿ ಮಹಿಳೆಯರು. ಹೆಚ್ಚು ಕಾಡುವುದು ಮಂಡಿಯನ್ನೇ.

"ಸವೆದದ್ದನ್ನು ವ್ಯಾಯಾಮ ಮಾಡಿ ಇನ್ನೂ ಸವೆಸಬೇಕೇ?" ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕೀಲು ಬಾಗಿಲಿನ ಕೀಲಿನಂತಲ್ಲ. ಅದರೊಳಗಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲು ಮಡಚಿ ಬಿಡಿಸಿದಾಗ ಅದು ಸ್ಪಂಜಿನಂತೆ ಒತ್ತಿ ಬಿಟ್ಟು, ಸುತ್ತಲಿನ ದ್ರವದಿಂದ ಪೋಷಣೆ ಪಡೆಯುತ್ತದೆ. ತೊಡೆಯ ಸ್ನಾಯು ಗಟ್ಟಿಯಾಗಿದ್ದರೆ ಮಂಡಿಗೆ ಆಸರೆ ಸಿಗುತ್ತದೆ. ಕೂತೇ ಇದ್ದರೆ ಆ ಸ್ನಾಯು ಸೊರಗುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಈ ತೊಂದರೆ ಇರುವ ಎಲ್ಲರಿಗೂ ಅವರವರಿಗೆ ಹೊಂದುವ ವ್ಯಾಯಾಮ ಹೇಳುತ್ತದೆ. ಶುರುವಿನಲ್ಲಿ ನೋವು ತುಸು ಹೆಚ್ಚಬಹುದು, ಬಿಡದೆ ಮಾಡಿದರೆ ಕಡಿಮೆಯಾಗುತ್ತದೆ ಎಂದೂ ತಿಳಿಸುತ್ತದೆ.

ಫೋನ್ ನೋಡಿ ಮಾಡಿದರೆ ಫಲ ಸಿಗುತ್ತದೆಯೇ? ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಮಂಡಿ ಸವೆತದ 206 ಜನರ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬರೀ ಮಾಹಿತಿ. ಇನ್ನೊಂದಕ್ಕೆ ಮಾಹಿತಿಯ ಜೊತೆ 24 ವಾರಗಳ ಆನ್‌ಲೈನ್ ವ್ಯಾಯಾಮ ಮತ್ತು ನೆನಪಿಸಿ ಹುರಿದುಂಬಿಸುವ ಮೊಬೈಲ್ ಸಂದೇಶಗಳು. ಕೊನೆಗೆ ನೋವು ಗಮನಾರ್ಹವಾಗಿ ಇಳಿದವರು ಮೊದಲ ಗುಂಪಿನಲ್ಲಿ 100ಕ್ಕೆ 42, ಎರಡನೆಯದರಲ್ಲಿ 72. ಅದೇ ದೇಶದಲ್ಲಿ 394 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಿಡಿಯೋ ಕಾಲ್‌ನಲ್ಲಿ ಫಿಸಿಯೋಥೆರಪಿಸ್ಟ್‌ರನ್ನು ಕಂಡವರಿಗೆ ಕ್ಲಿನಿಕ್‌ಗೆ ಹೋದವರಷ್ಟೇ ಗುಣ ಕಂಡಿತು.

ಆದರೆ ಯೂಟ್ಯೂಬ್‌ನಲ್ಲಿ ಸಿಕ್ಕ ಒಂದು ವಿಡಿಯೋ ಬೇರೆ, ಕಾರ್ಯಕ್ರಮ ಬೇರೆ. ಮೂರು ವಿಷಯ ನೋಡಿಕೊಳ್ಳಿ. ಅದನ್ನು ರೂಪಿಸಿದವರು ಅರ್ಹ ಫಿಸಿಯೋಥೆರಪಿಸ್ಟ್‌ಗಳೇ? ವಾರದಿಂದ ವಾರಕ್ಕೆ ಹಂತಹಂತವಾಗಿ ಹೆಚ್ಚುತ್ತದೆಯೇ? ನೋವು ಹೆಚ್ಚಾದರೆ ಏನು ಮಾಡಬೇಕೆಂದು ಹೇಳುತ್ತದೆಯೇ? "15 ದಿನದಲ್ಲಿ ಮಂಡಿ ನೋವು ಮಾಯ" ಎನ್ನುವುದನ್ನು ಪಕ್ಕಕ್ಕಿಡಿ.

ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯಿರಿ. ವ್ಯಾಯಾಮದ ವೇಳೆ ಐದರೊಳಗಿದ್ದು, 24 ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು. ಇಳಿಯದಿದ್ದರೆ ಬಿಡಬೇಡಿ, ಎಣಿಕೆ ಕಡಿಮೆ ಮಾಡಿ. ಕುರ್ಚಿಗೆ ಚಕ್ರವಿರಬಾರದು, ಅದರ ಬೆನ್ನು ಗೋಡೆಗೆ ತಾಗಿರಲಿ. ಕೀಲು ಕೆಂಪಾಗಿ ಬಿಸಿಯಾಗಿ ಊದಿದರೆ, ಜೊತೆಗೆ ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ನಮ್ಮ ಮನೆಯಲ್ಲಿ ಮಂಡಿಗಿಂತ ದೊಡ್ಡ ಅಡ್ಡಿಯಾದದ್ದು ಭಾಷೆ. ಅತ್ತೆ ನಿವೃತ್ತರಾಗಿ ಇಲ್ಲಿಗೆ ಬಂದವರು. ಹಿಂದಿ ಅಷ್ಟಕ್ಕಷ್ಟೆ, ಇಂಗ್ಲಿಷ್ ಇಲ್ಲ. ಪರದೆಯ ಮೇಲಿನವರು ಏನು ಹೇಳುತ್ತಿದ್ದಾರೆಂದು ತಿಳಿಯದೆ ಕೈಕಾಲು ಆಡಿಸುವುದು ಅವರಿಗೆ ಬೇಸರ ತಂದಿತು. ಫಿಸಿಯೋಥೆರಪಿಸ್ಟ್ ಒಪ್ಪಿದ ನಾಲ್ಕು ವ್ಯಾಯಾಮಗಳನ್ನು ನಾನು ಕನ್ನಡದಲ್ಲಿ ವಾಯ್ಸ್ ನೋಟ್ ಮಾಡಿಕೊಟ್ಟೆ: "ಕುರ್ಚಿಯ ಅಂಚಿಗೆ ಬನ್ನಿ, ಸ್ವಲ್ಪ ಮುಂದಕ್ಕೆ ಬಾಗಿ, ಹಿಮ್ಮಡಿ ಊರಿ ಎದ್ದೇಳಿ, ನಿಧಾನವಾಗಿ ಕುಳಿತುಕೊಳ್ಳಿ." ಶುರುವಿನಲ್ಲಿ ದಿಂಬು ಹಾಕಿದ ಕುರ್ಚಿಯಿಂದ ಐದು ಸಲ, ವಾರಕ್ಕೆ ಮೂರು ದಿನ. ಮೂರು ತಿಂಗಳಲ್ಲಿ ದಿಂಬಿಲ್ಲದೆ ಹತ್ತು ಸಲ.

ನೋವು ಪೂರ್ತಿ ಹೋಗಿಲ್ಲ. ನೆಲದ ಮೇಲೆ ಈಗಲೂ ಕೂರುವುದಿಲ್ಲ. ಆದರೆ ಮೆಟ್ಟಿಲಿಗೆ ಹೆದರಿ ಅರಿಶಿನ-ಕುಂಕುಮದ ಕರೆಗೆಲ್ಲ "ನೀನೇ ಹೋಗಿ ಬಾ" ಎನ್ನುತ್ತಿದ್ದವರು ಈಗ ಕಂಬಿ ಹಿಡಿದು ಎರಡು ಮಹಡಿ ಹತ್ತಿ ಹೋಗಿಬರುತ್ತಾರೆ. ಊರು ಬಿಟ್ಟು ಬಂದ ಹಿರಿಯರಿಗೆ ಕನ್ನಡದಲ್ಲಿ ನಾಲ್ಕು ಮಾತು ಸಿಗುವುದು ಇಂಥ ಕಡೆಯೇ. ಮಂಡಿ ನೋವು ಅದನ್ನೇ ಕಸಿದುಕೊಳ್ಳುತ್ತದೆ.

ಆದ್ದರಿಂದ ನನ್ನದೊಂದು ಕೋರಿಕೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 20 ನಿಮಿಷ, ವಿಡಿಯೋ ಕಾಲ್‌ನಲ್ಲಿ ಜೊತೆಯಾಗಿ, ಕನ್ನಡದಲ್ಲೇ ಎಣಿಸುತ್ತಾ ವ್ಯಾಯಾಮ ಮಾಡೋಣ. ಮೊದಲು ಪ್ರತಿಯೊಬ್ಬರೂ ತಮ್ಮ ವೈದ್ಯರನ್ನು ಅಥವಾ ಫಿಸಿಯೋಥೆರಪಿಸ್ಟ್‌ರನ್ನು ಕೇಳಿಕೊಂಡು ಬರಲಿ. ಲಿಂಕ್ ಕಳಿಸುವುದು, ಫೋನ್ ಹೊಂದಿಸಿಕೊಡುವುದು ನಮ್ಮಂಥ ಕಿರಿಯರ ಕೆಲಸ. ಒಂದು ದಿನ ಯಾರಾದರೂ ಕಾಣಿಸದಿದ್ದರೆ "ಯಾಕೆ ಬರಲಿಲ್ಲ?" ಎಂದು ಫೋನ್ ಮಾಡಿ ಕೇಳುವುದು ನಮ್ಮೆಲ್ಲರ ಕೆಲಸ. ಬರುವವರು ಇಂದೇ ಹೆಸರು ಕೊಡಿ. ಅತ್ತೆಯವರ ಹೆಸರು ಮೊದಲು ಬರೆದಿದ್ದೇನೆ.