ದಾನಿ ಮರಳಿದ ಮೇಲೆ ಉಳಿಯುವುದು

(ಶತಮಾನೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿ ಸಂಘದ ಪರವಾಗಿ ಮಾಡಿದ ಭಾಷಣ)



ಶತಮಾನೋತ್ಸವ ನಿಧಿಗೆ ಊರ ಹತ್ತು ಸಮಸ್ತರು ಉದಾರವಾಗಿ ನೀಡಿದ್ದಾರೆ. ಆ ಹಣದ ವಿನಿಯೋಗ ಹೇಗೆ ಎಂಬ ಪ್ರಶ್ನೆ ಈಗ ನಮ್ಮೆಲ್ಲರ ಮುಂದಿದೆ. ಆರೋಗ್ಯಕ್ಕಾಗಿ ಧನಸಹಾಯ ಮಾಡಿದ ಒಂದು ಸಂಸ್ಥೆಯ ಹಿಂದಿನ ಅನುಭವದಿಂದ ನಾವು ಕಲಿಯಬಹುದಾದದ್ದನ್ನು ಇಲ್ಲಿ ನಿವೇದಿಸುತ್ತೇವೆ.

ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ 1913ರಲ್ಲಿ ಸ್ಥಾಪನೆಯಾಯಿತು. ಕೊಕ್ಕೆಹುಳುವಿನ ನಿವಾರಣೆ ಅದರ ಮೊದಲ ಕಾರ್ಯಗಳಲ್ಲೊಂದು. ನಮ್ಮ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿ ಮದ್ರಾಸ್ ಪ್ರಾಂತದಲ್ಲಿದ್ದ ಕಾಲದಲ್ಲಿ, ಆ ಪ್ರಾಂತದಲ್ಲೂ ಈ ಕಾರ್ಯ ನಡೆಯಿತು. ಮದ್ದು ಕುಡಿಸಿದರೆ ಹುಳು ಬೀಳುತ್ತಿತ್ತು. ಆದರೆ ಪಾಯಖಾನೆ ಇಲ್ಲದೆಡೆ, ಬರಿಗಾಲಿನಲ್ಲಿ ದುಡಿಯುವವರಿಗೆ ಅದೇ ಮಣ್ಣಿನಿಂದ ಹುಳು ಮತ್ತೆ ಹತ್ತುತ್ತಿತ್ತು. ಬರಿಯ ಮದ್ದಿಗೆ ಸುರಿದ ಹಣ ಮದ್ದಿನೊಡನೆಯೇ ಮುಗಿಯುವಂಥದು.

ಸಂಸ್ಥೆಗಳನ್ನು ಕಟ್ಟಲು ನೀಡಿದ ನೆರವಿನ ಕಥೆ ಬೇರೆ. ಕಲಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಈ ಪ್ರತಿಷ್ಠಾನದ ಸಹಾಯದಿಂದ 1932ರಲ್ಲಿ ಆರಂಭವಾಗಿ, ಇಂದಿಗೂ ಆರೋಗ್ಯಾಧಿಕಾರಿಗಳನ್ನು ತರಬೇತುಗೊಳಿಸುತ್ತಿದೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡಗೂಡಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆಯಲಾಯಿತು. ಐದೇ ವರ್ಷಗಳಲ್ಲಿ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರೂ ಜ್ವರಕ್ಕೆ ತುತ್ತಾದಾಗ, ಅದರ ವೈರಸ್ಸನ್ನು ಗುರುತಿಸಿದವರು ಈ ಕೇಂದ್ರದ ವಿಜ್ಞಾನಿಗಳು. ಉಣುಗುಗಳಿಂದ ಹರಡುವ ಆ ಮಂಗನ ಕಾಯಿಲೆ ಮುಂದೆ ವಯನಾಡಿನಲ್ಲೂ ಕಾಣಿಸಿಕೊಂಡಿತು.

ಪ್ರತಿಷ್ಠಾನ ಹಿಂದೆ ಸರಿದ ಮೇಲೂ ಕೇಂದ್ರ ಮುಚ್ಚಲಿಲ್ಲ. 1978ರಲ್ಲಿ ಅದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. 2018ರಲ್ಲಿ ನಮ್ಮ ರಾಜ್ಯದ ಕಲ್ಲಿಕೋಟೆ ಸೀಮೆಯಲ್ಲಿ ನಿಪಾ ಜ್ವರ ಬಂದಾಗ ಅದನ್ನು ದೃಢಪಡಿಸಿದ್ದೂ ಆ ಸಂಸ್ಥೆಯೇ. ಹಣ ಕೊಟ್ಟವರು ಮರಳಿ ದಶಕಗಳೇ ಸಂದಿದ್ದರೂ ಅವರ ಕೊಡುಗೆ ನಮ್ಮ ನೆರೆಯ ಮನೆಗಳ ಪ್ರಾಣರಕ್ಷಣೆಗೆ ಒದಗಿತು. ಇದಕ್ಕೆ ಕಾರಣ ಸ್ಪಷ್ಟ: ಮೊದಲಿನಿಂದಲೂ ಅಲ್ಲಿ ಈ ದೇಶದ ಪಾಲಿತ್ತು, ಕೆಲಸ ಬಲ್ಲ ಇಲ್ಲಿನ ಜನರೂ ಸಿದ್ಧರಾಗಿದ್ದರು.

ಇಂದು ನಮ್ಮ ಶಾಲೆಯ ಕನ್ನಡ ತರಗತಿಗಳಲ್ಲಿ ಮಕ್ಕಳು ವಿರಳರಾಗುತ್ತಿದ್ದಾರೆ. ಆಸ್ಪತ್ರೆಗೆ ಹೋದ ನಮ್ಮ ಅಜ್ಜಿಯಂದಿರು ತಮ್ಮ ನೋವನ್ನು ಹೇಳಲು ಮಾತು ತಡಕುತ್ತಾರೆ. ಆದುದರಿಂದ ನಮ್ಮ ಬಿನ್ನಹವಿಷ್ಟೆ. ನಿಧಿಯನ್ನು ಸ್ವಾಗತ ಕಮಾನಿಗೆ ಕರಗಿಸುವುದು ಬೇಡ. ಮೂಲಧನ ಹಾಗೆಯೇ ಇರಲಿ. ಅದರ ಬಡ್ಡಿಯಿಂದ ವರ್ಷಕ್ಕೊಬ್ಬ ವಿದ್ಯಾರ್ಥಿ ದಾದಿಯ ಅಥವಾ ಪ್ರಯೋಗಾಲಯದ ಶಿಕ್ಷಣ ಪಡೆಯಲಿ. ಬಡ್ಡಿಯಷ್ಟೇ ಮೊತ್ತವನ್ನು ಊರೂ ವರ್ಷವರ್ಷ ಕೂಡಿಸಲಿ.

ಕಮಾನಿನ ಮೇಲೆ ನಮ್ಮ ಹೆಸರುಗಳಿರಬಹುದಿತ್ತು. ಅದಕ್ಕಿಂತ, ಕನ್ನಡದಲ್ಲಿ ನೋವು ಹೇಳಿದ ಅಜ್ಜಿಗೆ ಕನ್ನಡದಲ್ಲೇ ಸಮಾಧಾನ ಹೇಳುವ ದಾದಿಯೊಬ್ಬಳು ಈ ಶಾಲೆಯಿಂದ ಹೊರಟಳೆಂದರೆ ನಾವು ಧನ್ಯರು.